ಸೋರುವ ದಾರಿ ಹುಡುಕಿ: ಇಲಿಯಾಸ್ಟಮಿ ಆದವರಿಗೂ ಮನೆಯವರಿಗೂ ಮೊದಲ ಪಾಠ

ಹೊಟ್ಟೆಯ ಬಲಭಾಗದಲ್ಲಿ, ಹೊಕ್ಕುಳಿನಿಂದ ಸ್ವಲ್ಪ ಕೆಳಗೆ, ಕೆಂಪಗೆ ಒದ್ದೆಯಾಗಿ ಹೊರಕ್ಕೆ ಚಾಚಿಕೊಂಡಿರುವುದು ಗಾಯವಲ್ಲ. ಅದು ನಿಮ್ಮದೇ ಸಣ್ಣ ಕರುಳಿನ ತುದಿ. ಸರ್ಜನ್ ಅದನ್ನು ಹೊಟ್ಟೆಯ ಗೋಡೆಯಿಂದ ಹೊರಗೆ ತಂದು, ಒಳಮೈ ಹೊರಗಾಗುವಂತೆ ಮಡಚಿ ಹೊಲಿದಿದ್ದಾರೆ. ಈ ಆಪರೇಶನ್ನಿಗೆ ಇಲಿಯಾಸ್ಟಮಿ ಎನ್ನುತ್ತಾರೆ, ಹೊರಬಂದ ತುದಿಗೆ ಸ್ಟೋಮಾ. ಬಾಯೊಳಗಿನ ಕೆನ್ನೆಯ ಬಣ್ಣವೇ ಇದರ ಬಣ್ಣ, ಅದೇ ತೇವ. ನೋವು ತಿಳಿಸುವ ನರ ಇದರಲ್ಲಿ ಇಲ್ಲದ್ದರಿಂದ ಮುಟ್ಟಿದರೆ ನೋಯುವುದಿಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ, ಹಲ್ಲುಜ್ಜುವಾಗ ವಸಡಿನಿಂದ ಬರುವಷ್ಟೇ ಅದು. ಮೊದಲ ಸಲ ನೋಡಿದಾಗ ತಲೆ ತಿರುಗಿದರೆ ನಾಚಿಕೆಪಡಬೇಕಾದ್ದಿಲ್ಲ. ಒಂದು ವಾರ ದಿನಾ ನೋಡಿ, ಅಭ್ಯಾಸವಾಗುತ್ತದೆ.

ಈ ಆಪರೇಶನ್ ಯಾರಿಗೆ ಬೇಕಾಗುತ್ತದೆ? ಗುದನಾಳದ ಕ್ಯಾನ್ಸರ್ ತೆಗೆದು ಕರುಳನ್ನು ಮತ್ತೆ ಜೋಡಿಸಿದಾಗ ಆ ಹೊಲಿಗೆ ಮಾಯುವವರೆಗೆ ಮಲ ಅತ್ತ ಹೋಗದಿರಲಿ ಎಂದು, ಟೈಫಾಯ್ಡ್ ಅಥವಾ ಕ್ಷಯದಿಂದ ಸಣ್ಣ ಕರುಳು ತೂತಾದಾಗ, ದೊಡ್ಡ ಕರುಳಿನ ಹುಣ್ಣಿನ ಕಾಯಿಲೆ ಔಷಧಕ್ಕೆ ಬಗ್ಗದಾಗ. ಕೆಲವರಿಗೆ ಮೂರು ನಾಲ್ಕು ತಿಂಗಳ ಮಾತು, ಕೆಲವರಿಗೆ ಜೀವನಪರ್ಯಂತ. ಮಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಕಾಸರಗೋಡಿನಿಂದ, ಘಟ್ಟದ ಮೇಲಿನಿಂದ ಬಂದು ಆಪರೇಶನ್ ಮಾಡಿಸಿಕೊಂಡವರು ಬ್ಯಾಗ್ ಕಟ್ಟಿಕೊಂಡು ಮನೆಗೆ ಮರಳುತ್ತಾರೆ. ಆಸ್ಪತ್ರೆಯಲ್ಲಿ ನರ್ಸ್ ಮಾಡಿ ತೋರಿಸಿದ್ದು ಮನೆಗೆ ಬಂದ ಮೂರನೇ ದಿನ ಅರ್ಧ ಮರೆತಿರುತ್ತದೆ. ಮಣ್ಣಗುಡ್ಡ, ಉರ್ವ, ಕುದ್ರೋಳಿ ಸುತ್ತಿನ ಮನೆಗಳನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಕಂಪನಿಯವರು ಕೊಡುವ ಪುಸ್ತಿಕೆಯಲ್ಲಿ ನಮ್ಮ ಸೆಕೆಯೂ ಇಲ್ಲ, ನಮ್ಮ ಗಂಜಿಯೂ ಇಲ್ಲ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಸಣ್ಣ ಕರುಳಿನಿಂದ ಬರುವುದು ನಾವು ಬಲ್ಲ ಮಲವಲ್ಲ. ಆಹಾರವನ್ನು ಕರಗಿಸುವ ರಸಗಳು, ಪಿತ್ತ ಎಲ್ಲ ಅದರಲ್ಲಿ ಇನ್ನೂ ಜೀವಂತ ಇರುತ್ತವೆ. ಮೀನನ್ನೂ ಬೇಳೆಯನ್ನೂ ಜೀರ್ಣಿಸುವ ಆ ರಸಕ್ಕೆ ಚರ್ಮವೂ ಅಷ್ಟೇ. ಒಂದೆರಡು ಗಂಟೆ ಚರ್ಮದ ಮೇಲೆ ನಿಂತರೆ ಸಾಕು, ಉರಿ ಶುರು. ಒಂದು ರಾತ್ರಿ ನಿಂತರೆ ಮೇಲ್ಪದರ ಕಿತ್ತು ಬರುತ್ತದೆ. ಆದ್ದರಿಂದ ಇಲಿಯಾಸ್ಟಮಿಯಲ್ಲಿ ಚರ್ಮ ಸುಟ್ಟರೆ ಹಚ್ಚುವ ಔಷಧವನ್ನು ಆಮೇಲೆ ನೋಡಿ, ಮೊದಲು ಸೋರುವ ದಾರಿ ಹುಡುಕಿ. ದಾರಿ ಮುಚ್ಚಿದರೆ ಹೆಚ್ಚಿನವರ ಚರ್ಮ ಕೆಲವೇ ದಿನಗಳಲ್ಲಿ ತಾನಾಗಿ ಮಾಯುತ್ತದೆ. ದಾರಿ ತೆರೆದೇ ಇದ್ದರೆ ಜಗತ್ತಿನ ಯಾವ ಮುಲಾಮೂ ನಿಲ್ಲದು.

ಸರ್ಜನ್‌ಗಳಿಗೂ ಇದು ತಿಳಿಯಲು ಕಾಲ ಹಿಡಿಯಿತು. ಹಿಂದೆ ಕರುಳಿನ ತುದಿಯನ್ನು ಮಡಚದೆ ಹಾಗೆಯೇ ಹೊರಗೆ ಬಿಡುತ್ತಿದ್ದರು. ಅದು ಊದಿಕೊಂಡು, ರಸ ಚರ್ಮದ ಮೇಲೆ ಹರಿದು, ರೋಗಿಗಳ ಹೊಟ್ಟೆ ಹಸಿ ಹುಣ್ಣಾಗುತ್ತಿತ್ತು. 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಸರ್ಜನ್ ಬ್ರಯಾನ್ ಬ್ರೂಕ್ ತುದಿಯನ್ನು ಹೊರಮಗ್ಗುಲಾಗಿ ಮಡಚಿ ಹೊಲಿಯುವ ಕ್ರಮ ಪ್ರಕಟಿಸಿದರು. ಸ್ಟೋಮಾ ಚರ್ಮಕ್ಕಿಂತ ಎರಡು ಎರಡೂವರೆ ಸೆಂಟಿಮೀಟರ್ ಎತ್ತರದಲ್ಲಿ ನಿಂತು ರಸ ನೇರ ಬ್ಯಾಗಿಗೆ ಬೀಳುವಂತಾದದ್ದು ಆಗ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ರೂಪರ್ಟ್ ಟರ್ನ್‌ಬುಲ್ ಎಂಬ ಸರ್ಜನ್, ಕೃತಕ ಹಲ್ಲಿನ ಸೆಟ್ಟು ಕೂರಿಸಲು ಬಳಸುತ್ತಿದ್ದ ಕರಾಯ ಅಂಟನ್ನು ಸ್ಟೋಮಾ ಸುತ್ತಿನ ಚರ್ಮಕ್ಕೆ ರಕ್ಷಣೆಯಾಗಿ ಬಳಸತೊಡಗಿದರು. ಆ ಅಂಟು ಹೆಚ್ಚಾಗಿ ಹೋಗುತ್ತಿದ್ದುದು ಭಾರತದ ಕಾಡುಗಳಿಂದ. ಅವರೇ 1958ರಲ್ಲಿ ನಾರ್ಮಾ ಗಿಲ್ ಎಂಬ ಮಹಿಳೆಯನ್ನು ರೋಗಿಗಳಿಗೆ ಕಲಿಸುವ ಕೆಲಸಕ್ಕೆ ಸೇರಿಸಿಕೊಂಡರು. ಆಕೆ ನರ್ಸ್ ಆಗಿರಲಿಲ್ಲ, ಸ್ವತಃ ಇಲಿಯಾಸ್ಟಮಿ ಆದ ರೋಗಿ. ಸ್ಟೋಮಾ ನರ್ಸ್ ಎಂಬ ವೃತ್ತಿ ಹುಟ್ಟಿದ್ದೇ ಹೀಗೆ, ರೋಗಿಯೊಬ್ಬಳ ಅನುಭವದಿಂದ. ನೀವು ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವ ದಿನ ಬಂದರೆ ಅದನ್ನು ಕಡಿಮೆ ಎಂದುಕೊಳ್ಳಬೇಡಿ.

ಈಗ ಸಾಮಾನು. ಚರ್ಮಕ್ಕೆ ಅಂಟುವ ತಟ್ಟೆಗೆ ಫ್ಲೇಂಜ್ ಎನ್ನುತ್ತಾರೆ, ಅದಕ್ಕೆ ಸೇರುವುದು ಬ್ಯಾಗ್. ಎರಡೂ ಒಂದೇ ಆಗಿ ಬರುವುದುಂಟು, ಬೇರೆ ಬೇರೆಯಾಗಿ ಬಂದು ಡಬ್ಬದ ಮುಚ್ಚಳದ ಹಾಗೆ ಒತ್ತಿ ಕೂರಿಸುವುದೂ ಉಂಟು. ಕೆಳಬಾಯಿ ತೆರೆಯುವ ಬ್ಯಾಗೇ ನಿಮಗೆ ಬೇಕಾದ್ದು. ಅಂಗಡಿಯವರು ಬಾಯಿ ಮುಚ್ಚಿದ ಬ್ಯಾಗ್ ಕೊಟ್ಟರೆ ಹಿಂದಕ್ಕೆ ಕೊಡಿ, ಅದು ಇಲಿಯಾಸ್ಟಮಿಯವರಿಗೆ ಉಪಯೋಗವಿಲ್ಲ.

ಫ್ಲೇಂಜ್ ಬದಲಿಸಲು ಬೆಳಗ್ಗೆ ಎದ್ದು ಕಾಫಿ ಕುಡಿಯುವ ಮೊದಲಿನ ಹೊತ್ತು ಒಳ್ಳೆಯದು, ಆಗ ಕರುಳು ತಣ್ಣಗಿರುತ್ತದೆ. ಮೊದಲು ಎಲ್ಲವನ್ನೂ ಹತ್ತಿರ ಇಟ್ಟುಕೊಳ್ಳಿ: ಅಳತೆಯ ಕಾರ್ಡು, ಕತ್ತರಿ, ಉಗುರು ಬೆಚ್ಚಗಿನ ನೀರು, ಮೆತ್ತನೆಯ ಹತ್ತಿ ಬಟ್ಟೆ, ಕನ್ನಡಿ, ಹಳೆ ಪೇಪರು. ಹಳೆಯದನ್ನು ತೆಗೆಯುವಾಗ ಫ್ಲೇಂಜನ್ನು ಎಳೆಯಬೇಡಿ. ಒಂದು ಕೈಯಿಂದ ಅದರ ಅಂಚು ಹಿಡಿದು, ಇನ್ನೊಂದು ಕೈಯ ಬೆರಳಿಂದ ಚರ್ಮವನ್ನು ಕೆಳಕ್ಕೆ ಒತ್ತುತ್ತ ಮೇಲಿನಿಂದ ಕೆಳಗೆ ಬಿಡಿಸಿ. ಬಿಡಿಸಿದ್ದನ್ನು ಕೂಡಲೇ ಸುತ್ತಿ ಬಿಸಾಡಬೇಡಿ, ಅದರ ಹಿಂಬದಿ ನೋಡಬೇಕು. ಆ ವಿಷಯಕ್ಕೆ ಮತ್ತೆ ಬರುತ್ತೇನೆ.

ತೊಳೆಯಲು ಬರೀ ನೀರು ಸಾಕು. ಸೋಪು ಬೇಕೇ ಬೇಕು ಎನಿಸಿದರೆ ಸುವಾಸನೆ, ಎಣ್ಣೆಯಂಶ ಇಲ್ಲದ್ದು ಚೂರು, ಆಮೇಲೆ ಪೂರ್ತಿ ತೊಳೆದು ಹೋಗಬೇಕು. ಡೆಟಾಲ್ ಬೇಡ, ಸ್ಪಿರಿಟ್ ಬೇಡ, ಅರಸಿನ ಬೇಡ, ಮುಖಕ್ಕೆ ಹಾಕುವ ಪೌಡರ್ ಬೇಡ. ತೆಂಗಿನೆಣ್ಣೆಯೂ ಬೇಡ. ಇದನ್ನು ಹೇಳಿದರೆ ನಮ್ಮ ಊರಿನ ಅಜ್ಜಿಯಂದಿರಿಗೆ ಸಿಟ್ಟು ಬರುತ್ತದೆ, ಮಗು ಬಿದ್ದರೂ ಚರ್ಮ ಒಡೆದರೂ ತೆಂಗಿನೆಣ್ಣೆ ಹಚ್ಚಿ ಬೆಳೆಸಿದವರು ಅವರು. ಅವರ ಎಣ್ಣೆಯ ಮೇಲೆ ನನಗೆ ತಕರಾರಿಲ್ಲ. ಆದರೆ ಎಣ್ಣೆ ಪಸೆಯ ಮೇಲೆ ಫ್ಲೇಂಜ್ ಹಿಡಿಯುವುದಿಲ್ಲ, ಹಿಡಿಯದಿದ್ದರೆ ಸೋರುತ್ತದೆ, ಸೋರಿದರೆ ಸುಡುತ್ತದೆ. ಸ್ಟೋಮಾದ ಸುತ್ತ ಒಂದು ಅಂಗೈ ಅಗಲ ಬಿಟ್ಟು ಬೇರೆಲ್ಲಿ ಬೇಕಾದರೂ ಹಚ್ಚಿಕೊಳ್ಳಿ ಎಂದರೆ ಸಾಮಾನ್ಯವಾಗಿ ರಾಜಿಯಾಗುತ್ತದೆ.

ಒಣಗಿಸುವುದು ಮಂಗಳೂರಿನಲ್ಲಿ ನಿಜಕ್ಕೂ ಒಂದು ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ, ಏಪ್ರಿಲ್ ಮೇಯಲ್ಲಿ ಒರೆಸಿದ ಚರ್ಮ ಮತ್ತೆ ಬೆವರುತ್ತದೆ. ಬಟ್ಟೆಯಿಂದ ಉಜ್ಜದೆ ಒತ್ತಿ ಒತ್ತಿ ತೇವ ತೆಗೆಯಿರಿ, ಫ್ಯಾನಿನ ಕೆಳಗೆ ಐದು ನಿಮಿಷ ಮಲಗಿ. ಮನೆಯಲ್ಲಿ ಕೂದಲು ಒಣಗಿಸುವ ಡ್ರೈಯರ್ ಇದ್ದರೆ ತಣ್ಣನೆಯ ಗಾಳಿಯನ್ನು ದೂರದಿಂದ ಬಿಡಬಹುದು, ಬಿಸಿ ಗಾಳಿ ಬೇಡ. ಅಷ್ಟರಲ್ಲಿ ಸ್ಟೋಮಾದಿಂದ ಏನಾದರೂ ಬಂದೀತು, ಗಾಜ್ ಬಟ್ಟೆಯ ಸುರುಳಿಯೊಂದನ್ನು ಅದರ ಬಾಯಿಗೆ ಹಗುರಾಗಿ ಹಿಡಿದುಕೊಳ್ಳಿ.

ಇನ್ನು ಅಳತೆ. ಸೋರಿಕೆಗೆ ಅತಿ ದೊಡ್ಡ ಕಾರಣ ಇದೇ. ಆಪರೇಶನ್ ಆದಾಗ ಊದಿಕೊಂಡಿದ್ದ ಸ್ಟೋಮಾ ಆರರಿಂದ ಎಂಟು ವಾರಗಳಲ್ಲಿ ಕುಗ್ಗುತ್ತ ಬರುತ್ತದೆ. ಆಸ್ಪತ್ರೆಯಿಂದ ಬರುವಾಗ ಕತ್ತರಿಸಿ ತೋರಿಸಿದ ಅಳತೆಯಲ್ಲೇ ಎರಡು ತಿಂಗಳು ಕತ್ತರಿಸಿದರೆ ಸ್ಟೋಮಾದ ಸುತ್ತ ಒಂದು ಉಂಗುರದಷ್ಟು ಚರ್ಮ ಬರಿದಾಗಿ ಉಳಿಯುತ್ತದೆ. ಆ ಉಂಗುರ ಸುಡುತ್ತದೆ. ಆದ್ದರಿಂದ ಮೊದಲ ಎರಡು ತಿಂಗಳು ಪ್ರತಿ ವಾರ ಅಳೆಯಿರಿ. ತೂತು ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಬಿಗಿಯಾದರೆ ಅಂಚು ಸ್ಟೋಮಾವನ್ನು ಕೊರೆಯುತ್ತದೆ. ಸ್ಟೋಮಾ ಗುಂಡಗಿಲ್ಲದಿದ್ದರೆ ಅದರ ಆಕಾರಕ್ಕೇ ಕತ್ತರಿಸಿ, ಕತ್ತರಿಸಿದ ಅಂಚನ್ನು ಬೆರಳಿನಿಂದ ಸವರಿ ನಯ ಮಾಡಿ. ಪೇಸ್ಟ್ ಎಂದು ಕೊಡುತ್ತಾರಲ್ಲ, ಅದು ಗೋಂದಲ್ಲ. ಚರ್ಮದ ಕುಳಿ, ಸುಕ್ಕು ತುಂಬಿಸಿ ಸಮ ಮಾಡಲಿಕ್ಕಿರುವುದು. ಫ್ಲೇಂಜ್ ತುಂಬ ಬಳಿದರೆ ಹಿಡಿಯುವ ಬದಲು ಜಾರುತ್ತದೆ. ಅಂಟಿಸಿದ ಮೇಲೆ ಒಂದೆರಡು ನಿಮಿಷ ಅಂಗೈ ಒತ್ತಿ ಇಟ್ಟುಕೊಳ್ಳಿ, ಮೈಯ ಬಿಸಿಗೆ ಅಂಟು ಚರ್ಮಕ್ಕೆ ಕೂರುತ್ತದೆ.

ಸಾಮಾನ್ಯವಾಗಿ ಫ್ಲೇಂಜ್ ಮೂರು ನಾಲ್ಕು ದಿನ ಬರುತ್ತದೆ. ನಮ್ಮ ಸೆಕೆಯಲ್ಲಿ ಕೆಲವರಿಗೆ ಎರಡೇ ದಿನ. ಫ್ಲೇಂಜ್ ಅಗ್ಗದ್ದಲ್ಲ, ಹಾಗಾಗಿ ಅಂಚು ಎದ್ದಾಗ ಮೇಲೊಂದು ಪ್ಲಾಸ್ಟರ್ ಹಚ್ಚಿ ಇನ್ನೊಂದು ದಿನ ಎಳೆಯುವ ಆಸೆ ಆಗುತ್ತದೆ. ಆಸೆ ನನಗೆ ಅರ್ಥವಾಗುತ್ತದೆ, ಮಾರಾಯ್ರೆ, ಆದರೆ ಆ ಪ್ಲಾಸ್ಟರ್ ರಸವನ್ನು ಒಳಗೇ ಕೂಡಿಹಾಕುತ್ತದೆ. ಸುಟ್ಟ ಹಸಿ ಚರ್ಮದ ಮೇಲೆ ಫ್ಲೇಂಜ್ ಒಂದು ದಿನವೂ ನಿಲ್ಲದು, ಕೊನೆಗೆ ಉಳಿಸಿದ ಹಣಕ್ಕಿಂತ ಹೆಚ್ಚು ಹೋಗುತ್ತದೆ. ಉರಿ ಅಥವಾ ತುರಿಕೆ ಶುರುವಾದರೆ ಎಷ್ಟನೇ ದಿನ ಎಂದು ಲೆಕ್ಕ ಹಾಕಬೇಡಿ, ಬಿಡಿಸಿ ನೋಡಿ. ಹೊಸ ಫ್ಲೇಂಜುಗಳ ಕಟ್ಟನ್ನು ಬಿಸಿಲು ಬೀಳುವ ಕಿಟಕಿಯ ಬಳಿ, ಕಾರಿನೊಳಗೆ ಇಡಬೇಡಿ, ಅಂಟು ಕೆಡುತ್ತದೆ.

ಈಗ ಬಿಡಿಸಿದ ಫ್ಲೇಂಜಿನ ಹಿಂಬದಿಗೆ ಬರೋಣ. ಅದನ್ನು ಓದಲು ಕಲಿತರೆ ಅರ್ಧ ಕಲಿತಂತೆ. ತೂತಿನ ಸುತ್ತ ಎಲ್ಲೆಡೆ ಒಂದೇ ಸಮ ಕರಗಿ ಬಿಳಿಚಿಕೊಂಡಿದ್ದರೆ ಫ್ಲೇಂಜ್ ತನ್ನ ಕೆಲಸ ಮಾಡಿದೆ, ಒಂದು ದಿನ ಮೊದಲು ಬದಲಿಸಬೇಕಿತ್ತು, ಅಷ್ಟೇ. ಒಂದೇ ಕಡೆ, ಉದಾಹರಣೆಗೆ ಕೆಳಬದಿಗೆ ಗಡಿಯಾರದ ಐದರ ಜಾಗದಲ್ಲಿ, ಕಾಲುವೆಯ ಗುರುತು ಅಂಚಿನವರೆಗೆ ಹೋಗಿದ್ದರೆ ನಿಮ್ಮ ಹೊಟ್ಟೆಯಲ್ಲಿ ಅಲ್ಲೊಂದು ಸುಕ್ಕಿದೆ. ಮಲಗಿದಾಗ ಕಾಣದ ಸುಕ್ಕು ಕುಳಿತಾಗ ಕಾಣುತ್ತದೆ. ಕನ್ನಡಿಯ ಮುಂದೆ ಕುರ್ಚಿಯಲ್ಲಿ ಕುಳಿತು, ಬಾಗಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ನೋಡಿ. ಆ ಸುಕ್ಕನ್ನು ಪೇಸ್ಟಿನಿಂದಲೋ ಮೆತ್ತನೆಯ ಸೀಲ್ ಉಂಗುರದಿಂದಲೋ ತುಂಬಬೇಕು. ಸ್ಟೋಮಾ ಚರ್ಮದ ಮಟ್ಟಕ್ಕೆ ಕುಸಿದಿದ್ದರೆ ಹಿಂಬದಿ ಉಬ್ಬಿದ ಫ್ಲೇಂಜ್ ಬರುತ್ತದೆ, ಬೆಲ್ಟ್ ಸಮೇತ. ಅದನ್ನು ಸ್ಟೋಮಾ ನರ್ಸ್ ಅಥವಾ ಸರ್ಜನ್ ನೋಡಿ ಹೇಳಬೇಕು, ನೀವಾಗಿ ಕೊಳ್ಳಬೇಡಿ.

ಆಮೇಲೆ ಚರ್ಮವನ್ನು ಓದಿ. ಸ್ಟೋಮಾಕ್ಕೆ ಅಂಟಿದ ಉಂಗುರ ಮಾತ್ರ ಕೆಂಪಾದರೆ ತೂತು ದೊಡ್ಡದಾಯಿತು. ಒಂದು ಮಗ್ಗುಲು ಮಾತ್ರವಾದರೆ ಸುಕ್ಕು. ಮಧ್ಯೆ ಕೆಂಪಾಗಿ ಸುತ್ತ ಸಣ್ಣ ಸಣ್ಣ ಕೆಂಪು ಚುಕ್ಕಿಗಳು ಚೆದುರಿ ವಿಪರೀತ ತುರಿಸುತ್ತಿದ್ದರೆ ಅದು ಬಹುಮಟ್ಟಿಗೆ ಶಿಲೀಂಧ್ರ, ನಮ್ಮ ಮಳೆಗಾಲದ ಅತಿಥಿ. ಇದಕ್ಕೆ ಡಾಕ್ಟರನ್ನು ಕೇಳಿ ಫಂಗಸ್ಸಿನ ಪುಡಿ ತೆಗೆದುಕೊಳ್ಳಬೇಕು, ಕ್ರೀಮ್ ಅಲ್ಲ, ಕ್ರೀಮಿನ ಜಿಡ್ಡಿಗೆ ಫ್ಲೇಂಜ್ ಹಿಡಿಯದು. ಕೂದಲಿನ ಬುಡದಲ್ಲಿ ಗುಳ್ಳೆಗಳೆದ್ದಿದ್ದರೆ ಪ್ರತಿ ಸಲ ಬಿಡಿಸುವಾಗ ಕೂದಲು ಕಿತ್ತು ಬರುತ್ತಿದೆ ಎಂದರ್ಥ. ಸ್ಟೋಮಾದಿಂದ ಹೊರಮುಖವಾಗಿ ಟ್ರಿಮ್ಮರ್ ಆಡಿಸಿ ಗಿಡ್ಡ ಮಾಡಿ. ಫ್ಲೇಂಜಿನ ಪೂರ್ಣ ಆಕಾರವೇ ಅಚ್ಚೊತ್ತಿದಂತೆ ಕೆಂಪಾಗಿದ್ದರೆ ಮಾತ್ರ ಆ ಅಂಟು ನಿಮಗೆ ಆಗದಿರಬಹುದು. ಮನೆಯವರು ಮೊದಲು ಹೇಳುವುದು ಅಲರ್ಜಿ ಎಂದೇ, ಆದರೆ ನಿಜವಾದ ಅಲರ್ಜಿ ಸೋರಿಕೆಗಿಂತ ಬಹಳ ಅಪರೂಪ. ಕಂಪನಿ ಬದಲಿಸುವ ಮೊದಲು ಅಳತೆ ನೋಡಿ.

ಚರ್ಮ ಹಸಿಯಾಗಿ ನೀರು ಒಸರುತ್ತಿದ್ದರೆ ಸ್ಟೋಮಾ ಪೌಡರನ್ನು ತೆಳ್ಳಗೆ ಉದುರಿಸಿ, ಹಿಡಿಯದೆ ಉಳಿದದ್ದನ್ನು ಕೊಡವಿ, ಅದರ ಮೇಲೆ ಸ್ಪಿರಿಟ್ ಇಲ್ಲದ ಬ್ಯಾರಿಯರ್ ಸ್ಪ್ರೇ ಹಾಕಿ ಒಣಗಲು ಬಿಟ್ಟು ಫ್ಲೇಂಜ್ ಅಂಟಿಸಬಹುದು. ಒಳ್ಳೆಯ ಚರ್ಮಕ್ಕೆ ಪೌಡರ್ ಬೇಕಿಲ್ಲ.

ಬ್ಯಾಗ್ ಮೂರರಲ್ಲೊಂದು ಪಾಲು ತುಂಬಿದಾಗಲೇ ಖಾಲಿ ಮಾಡಿ. ದಿನಕ್ಕೆ ಐದಾರು ಸಲ ಆಗುತ್ತದೆ. ತುಂಬಿ ತೂಗಿದರೆ ಆ ಭಾರಕ್ಕೆ ಫ್ಲೇಂಜ್ ಬಿಟ್ಟುಕೊಳ್ಳುತ್ತದೆ. ಕೆಳಗೆ ಕುಳಿತುಕೊಳ್ಳುವ ಟಾಯ್ಲೆಟ್ ಇರುವ ಮನೆಯಲ್ಲಿ ಚಿಕ್ಕ ಸ್ಟೂಲ್ ಹಾಕಿ ಕುಳಿತರೆ ಸುಲಭ. ಕೆಳಬಾಯನ್ನು ಒರೆಸಿ ಕ್ಲಿಪ್ ಹಾಕಿದರೆ ಸಾಕು, ಮಗ್ಗಿನಿಂದ ಬ್ಯಾಗಿನ ಮೇಲ್ಭಾಗದವರೆಗೆ ನೀರು ಹೊಯ್ಯುವುದು ಬೇಡ, ಅಂಟು ನೆನೆಯುತ್ತದೆ. ಗಾಳಿ ತುಂಬಿ ಉಬ್ಬಿದರೆ ಟಾಯ್ಲೆಟ್ಟಿಗೆ ಹೋಗಿ ಬಾಯಿ ತೆರೆದು ಬಿಡಿ. ಪಿನ್ನಿನಿಂದ ಚುಚ್ಚಿದರೆ ಆ ಬ್ಯಾಗ್ ಮುಗಿಯಿತು. ಬ್ಯಾಗಿನ ಪ್ಲಾಸ್ಟಿಕ್ ವಾಸನೆಯನ್ನು ಹೊರಬಿಡುವಂಥದ್ದಲ್ಲ. ಸುಮ್ಮನೆ ಕುಳಿತಿದ್ದಾಗ ವಾಸನೆ ಬಂತೆಂದರೆ ಎಲ್ಲೋ ಅಂಚು ಬಿಟ್ಟಿದೆ, ಎದ್ದು ನೋಡಿ. ಬಳಸಿದ್ದನ್ನು ಖಾಲಿ ಮಾಡಿ, ಪೇಪರಿನಲ್ಲಿ ಸುತ್ತಿ, ಡಯಾಪರ್ ಪ್ಯಾಡುಗಳ ಜೊತೆ ಬೇರೆಯಾಗಿ ಕೊಡಿ. ಕಸದ ಗಾಡಿಯವರು ಅದನ್ನು ಕೈಯಲ್ಲಿ ಮುಟ್ಟುತ್ತಾರೆ.

ಬ್ಯಾಗ್ ಹಾಕಿಕೊಂಡೇ ಸ್ನಾನ ಮಾಡಬಹುದು, ಬದಲಿಸುವ ದಿನ ತೆಗೆದೂ ಮಾಡಬಹುದು. ನೀರು ಸ್ಟೋಮಾದ ಒಳಗೆ ಹೋಗುವುದಿಲ್ಲ. ಸ್ನಾನದ ಬಳಿಕ ಬ್ಯಾಗಿನ ಹಿಂಬದಿಯನ್ನೂ ಒರೆಸಿ. ಬೆವರಿಗೆ ಬ್ಯಾಗ್ ಮೈಗೆ ಮೆತ್ತಿ ಬೆವರುಸಾಲೆ ಏಳದಿರಲು ಹಳೆ ಪಂಚೆಯ ಬಟ್ಟೆಯಿಂದ ಒಂದು ಚೀಲ ಹೊಲಿದು ಬ್ಯಾಗಿಗೆ ತೊಡಿಸಿ, ಎರಡು ಮೂರು ಇದ್ದರೆ ತೊಳೆದು ಬದಲಿಸಬಹುದು. ಪಂಚೆಯ ಗಂಟು, ಲಂಗದ ಲಾಡಿ ಸ್ಟೋಮಾದ ಮೇಲೆಯೇ ಬರದಂತೆ ಕಟ್ಟಿ. ಆಪರೇಶನ್ ಇನ್ನೂ ಆಗಬೇಕಿರುವವರು ಇದನ್ನು ಓದುತ್ತಿದ್ದರೆ ಒಂದು ಮಾತು: ಸ್ಟೋಮಾ ಎಲ್ಲಿ ಬರಬೇಕೆಂದು ಮೊದಲೇ ಗುರುತು ಹಾಕಲು ಕೇಳಿ. ನಿಮ್ಮನ್ನು ಕುಳ್ಳಿರಿಸಿ, ನಿಲ್ಲಿಸಿ, ಬಾಗಿಸಿ ನೋಡಿ ಹಾಕಬೇಕು, ನೀವು ಸೊಂಟಕ್ಕೆ ಎಲ್ಲಿ ಕಟ್ಟುತ್ತೀರಿ ಎನ್ನುವುದನ್ನೂ ತೋರಿಸಿ. ಮುಂದಿನ ಅರ್ಧ ಸೋರಿಕೆ ಅಲ್ಲೇ ತಪ್ಪುತ್ತದೆ.

ನೀರು ಮತ್ತು ಉಪ್ಪಿನ ಮಾತು ಚರ್ಮಕ್ಕಿಂತ ದೊಡ್ಡದು. ದೊಡ್ಡ ಕರುಳು ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ನೀರು ಹೀರಿಕೊಳ್ಳುತ್ತಿತ್ತು, ಈಗ ಆ ದಾರಿ ಬಳಕೆಯಲ್ಲಿಲ್ಲ. ಮೊದಲ ದಿನಗಳಲ್ಲಿ ಹೆಚ್ಚು ಹೋಗಿ, ಬರಬರುತ್ತ ದಿನಕ್ಕೆ 500ರಿಂದ 800 ಮಿಲಿಲೀಟರಿಗೆ ಇಳಿದು ಗಟ್ಟಿ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಹೊರಹೋಗುವ ಪ್ರತಿ ಲೀಟರಿನಲ್ಲಿ ಸುಮಾರು ಒಂದು ಟೀ ಚಮಚ ಉಪ್ಪು ಇರುತ್ತದೆ. ಆದ್ದರಿಂದ ಮೇ ತಿಂಗಳ ಮಧ್ಯಾಹ್ನ ಬರೀ ನೀರನ್ನೇ ಚೊಂಬುಗಟ್ಟಲೆ ಕುಡಿದರೆ ದಾಹ ಹೋಗದು. ನೀರಾಗಿಯೇ ಹೋಗುತ್ತಿರುವಾಗ ಬರೀ ನೀರು ಅದನ್ನು ಇನ್ನೂ ಹೆಚ್ಚಿಸುತ್ತದೆ. ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ ತಿಳಿಯ ಸಮೇತ ಕುಡಿಯುವ ನಮ್ಮ ಅಭ್ಯಾಸ ಇಲ್ಲಿ ಬಹಳ ಒಳ್ಳೆಯದು. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಕುಡಿಯಿರಿ, ಆದರೆ ಅದೊಂದನ್ನೇ ನಂಬಬೇಡಿ. ಹೆಚ್ಚು ಹೋಗುವ ದಿನ ಡಬ್ಲ್ಯುಎಚ್‌ಒ ಸೂತ್ರ ಎಂದು ಬರೆದ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಯಬೇಕು. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ಉಪ್ಪಿನ ಪ್ರಮಾಣವನ್ನು ಡಾಕ್ಟರಿಂದ ತಿಳಿದುಕೊಳ್ಳಿ.

ಊಟದಲ್ಲಿ ಮೊದಲ ಆರು ವಾರ ನಾರನ್ನು ದೂರವಿಡಿ. ನಮ್ಮ ಅಡುಗೆಯಲ್ಲಿ ಅದು ಎಲ್ಲೆಲ್ಲೂ ಇದೆ: ಬಾಳೆದಿಂಡು, ಕಣಿಲೆ, ಗುಜ್ಜೆ, ಹಲಸಿನ ತೊಳೆ, ಬಸಳೆಯ ದಂಟು, ತೆಂಗಿನಕಾಯಿಯ ಚೂರು, ಅಣಬೆ. ಸಣ್ಣ ಕರುಳಿನ ಬಾಯಿಯಲ್ಲಿ ಇವು ಸಿಕ್ಕಿಕೊಳ್ಳಬಹುದು. ಆಮೇಲೆ ಒಂದೊಂದಾಗಿ, ಸ್ವಲ್ಪ ಸ್ವಲ್ಪ, ಚೆನ್ನಾಗಿ ಅಗಿದು ತಿಂದು ನೋಡಿ. ಕಾಯಿ ನುಣ್ಣಗೆ ಅರೆದ ಸಾರಿಗೆ ಅಷ್ಟು ಹೆದರಬೇಕಿಲ್ಲ. ಮೀನು ತಿನ್ನುವವರು ಮುಳ್ಳು ಬಿಡಿಸಿ ತಿನ್ನಿ. ಉರ್ವ ಮಾರ್ಕೆಟಿನ ಬೂತಾಯಿ ಬಿಡಬೇಕೆಂದು ನಾನು ಹೇಳುವುದಿಲ್ಲ, ಬ್ಯಾಗ್ ತೆರೆಯುವಾಗ ವಾಸನೆ ಹೆಚ್ಚು ಎನ್ನುವುದು ಮಾತ್ರ ಗೊತ್ತಿರಲಿ. ಅನ್ನ, ಬಾಳೆಹಣ್ಣು, ಸಾಬಕ್ಕಿ ಗಟ್ಟಿ ಮಾಡುತ್ತವೆ. ಬೀಟ್‌ರೂಟ್ ತಿಂದ ಮೇಲೆ ಬ್ಯಾಗ್ ಕೆಂಪಾಗಿದ್ದರೆ ಅದು ರಕ್ತವಲ್ಲ. ಮಾತ್ರೆಗಳು ಕರಗದೆ ಇಡಿಯಾಗಿ ಬ್ಯಾಗಿನಲ್ಲಿ ಬಿದ್ದರೆ ಡಾಕ್ಟರಿಗೆ ತಿಳಿಸಿ. ನಿಧಾನವಾಗಿ ಕರಗಲೆಂದೇ ಮಾಡಿದ ಮಾತ್ರೆಗಳು ಸಣ್ಣ ಕರುಳಿನಲ್ಲೇ ಮುಗಿಯದೆ ಹೊರಗೆ ಬರಬಹುದು. ಭೇದಿ ಮಾಡಿಸುವ ಮಾತ್ರೆಯನ್ನಂತೂ ಮುಟ್ಟಬೇಡಿ.

ಕೆಲವು ಸಂಗತಿಗಳಿಗೆ ಮರುದಿನದ ಓಪಿಡಿಗೆ ಕಾಯಬಾರದು. ಸ್ಟೋಮಾ ನೇರಳೆ, ಕಂದು, ಕಪ್ಪು ಬಣ್ಣಕ್ಕೆ ತಿರುಗಿದರೆ. ನಾಲ್ಕಾರು ಗಂಟೆ ಏನೂ ಬಾರದೆ ಹೊಟ್ಟೆ ಹಿಂಡಿ ವಾಂತಿಯಾಗುತ್ತಿದ್ದರೆ. ದಿನಕ್ಕೆ ಒಂದೂವರೆ ಲೀಟರ್ ಮೀರಿ ನೀರಿನಂತೆ ಹೋಗಿ, ಮೂತ್ರ ಕಡಿಮೆಯಾಗಿ, ಎದ್ದಾಗ ತಲೆ ತಿರುಗಿ, ಕಾಲು ಹಿಡಿದುಕೊಳ್ಳುತ್ತಿದ್ದರೆ. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ. ಕರುಳು ಇದ್ದಕ್ಕಿದ್ದಂತೆ ಉದ್ದಕ್ಕೆ ಹೊರಬಂದರೆ. ಆಪರೇಶನ್ ಆದ ಮೇಲೆ ಎರಡು ತಿಂಗಳು ಗ್ಯಾಸ್ ಸಿಲಿಂಡರ್, ತುಂಬಿದ ಕೊಡ ಎತ್ತಬೇಡಿ, ಸ್ಟೋಮಾದ ಬದಿಯಲ್ಲಿ ಹರ್ನಿಯಾ ಏಳಬಹುದು. ಉಳಿದಂತೆ ಬದುಕು ನಡೆಯಲಿ. ಮಣ್ಣಗುಡ್ಡದ ಗುರ್ಜಿ ಉತ್ಸವಕ್ಕೆ ಹೋಗಿ, ಹೊರಡುವ ಮೊದಲು ಬ್ಯಾಗ್ ಖಾಲಿ ಮಾಡಿ, ಕೈಚೀಲದಲ್ಲಿ ಮೊದಲೇ ಕತ್ತರಿಸಿದ ಫ್ಲೇಂಜ್, ಬ್ಯಾಗ್, ಬಟ್ಟೆ ಇಟ್ಟುಕೊಳ್ಳಿ. ದೇವಸ್ಥಾನಕ್ಕೆ ಹೋಗಬಹುದೇ ಎಂದು ಕೇಳುವವರಿದ್ದಾರೆ. ಪ್ರತಿಯೊಬ್ಬರ ಹೊಟ್ಟೆಯೊಳಗೂ ಇರುವುದು ನಿಮ್ಮ ಬ್ಯಾಗಿನಲ್ಲಿದೆ, ಧಾರಾಳವಾಗಿ ಹೋಗಿ. ಗಾಯ ಪೂರ್ತಿ ಮಾಯ್ದು ಸರ್ಜನ್ ಒಪ್ಪಿದ ಮೇಲೆ ಲೇಡಿಹಿಲ್‌ನ ಮಂಗಳಾ ಈಜುಕೊಳಕ್ಕೂ ಇಳಿಯಬಹುದು, ಹೊಸ ಫ್ಲೇಂಜ್ ಹಾಕಿದ ಕೂಡಲೇ ಮಾತ್ರ ಬೇಡ.

ತಾತ್ಕಾಲಿಕ ಸ್ಟೋಮಾದವರಿಗೆ ಇನ್ನೆರಡು ವಿಷಯ. ಹಿಂಬದಿಯಿಂದ ಆಗಾಗ ಲೋಳೆ ಬಂದರೆ ಅದು ಸಹಜ, ಬಳಕೆಯಿಲ್ಲದ ಕರುಳೂ ಲೋಳೆ ಸ್ರವಿಸುತ್ತಲೇ ಇರುತ್ತದೆ. ಸ್ಟೋಮಾ ಮುಚ್ಚಿದ ಮೇಲೆ ಮೊದಲ ವಾರಗಳಲ್ಲಿ ದಿನಕ್ಕೆ ಹಲವು ಸಲ ತೆಳ್ಳಗೆ ಹೋಗಿ ಗುದದ ಸುತ್ತಿನ ಚರ್ಮ ಉರಿಯತೊಡಗುತ್ತದೆ. ಅಲ್ಲಿಯೂ ಕಾಗದದಿಂದ ಉಜ್ಜದೆ ನೀರಿನಿಂದ ತೊಳೆದು, ಒತ್ತಿ ಒಣಗಿಸಿ. ಅಲ್ಲಿ ಫ್ಲೇಂಜ್ ಅಂಟಬೇಕಾಗಿಲ್ಲ, ಆದ್ದರಿಂದ ಜಿಂಕ್ ಆಕ್ಸೈಡಿನ ಕ್ರೀಮನ್ನು ಪ್ರತಿ ಸಲ ಹೋಗುವ ಮೊದಲೇ ಹಚ್ಚಿಕೊಳ್ಳಬಹುದು; ಅಜ್ಜಿಯ ತೆಂಗಿನೆಣ್ಣೆಯೂ ಅಲ್ಲಿ ಅಡ್ಡಿಯಿಲ್ಲ.